ಮುಸುರೆ ಬಕೆಟ್ಟಿನಿಂದ ಒಲೆಯ ತನಕ: ಹಸಿ ಕಸದಲ್ಲಿ ಗ್ಯಾಸ್ ಮಾಡುವ ಬಗೆ

"ಅಡುಗೆಮನೆ ಕಸದಿಂದ ಮನೆಯಲ್ಲೇ ಗ್ಯಾಸ್ ಮಾಡಬಹುದಂತೆ, ಹೌದಾ? ಹಾಗಾದ್ರೆ ಸಿಲಿಂಡರ್ ತರಿಸೋದೇ ಬೇಡ ಅಲ್ವಾ?" ಈ ಎರಡು ಪ್ರಶ್ನೆ ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಇಲ್ಲ. ಮತ್ತೆ ಮತ್ತೆ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ವಿಷಯ ಇಲ್ಲಿ ಬರೆದುಬಿಡುತ್ತೇನೆ.

ಮೊದಲು ಲೆಕ್ಕ. ಟ್ಯಾಂಕು ಮಾರುವವರು ಹೇಳದೆ ಬಿಡುವ ಭಾಗ ಇದು.

ಒಂದು ಕಿಲೋ ಹಸಿ ಕಸ ಚೆನ್ನಾಗಿ ಜೀರ್ಣವಾದರೆ ಹೆಚ್ಚುಕಮ್ಮಿ 80ರಿಂದ 100 ಲೀಟರ್ ಗ್ಯಾಸ್ ಕೊಡುತ್ತದೆ. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ಒಂದು ಘನ ಮೀಟರ್, ಅಂದರೆ 1000 ಲೀಟರ್ ಜೈವಿಕ ಅನಿಲದ ಶಾಖ ಸುಮಾರು 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು, ಒಂದೂಕಾಲು ಕಿಲೋ ಹಸಿ ಕಸ ಬರುತ್ತದೆ ಅನ್ನೋಣ. ಅದರಿಂದ ಸಿಗುವುದು 50 ಗ್ರಾಂ ಸಿಲಿಂಡರ್ ಗ್ಯಾಸಿನಷ್ಟು ಉರಿ. ವರ್ಷಪೂರ್ತಿ ತಪ್ಪದೆ ನಡೆಸಿದರೂ 14.2 ಕಿಲೋ ಸಿಲಿಂಡರ್ ಒಂದು, ಹೆಚ್ಚೆಂದರೆ ಒಂದೂವರೆ ಉಳಿಯಬಹುದು. ಅಷ್ಟೇ.

ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿ ಒಂದೇ ಸಂಸಾರ ಇರುವವರು ಬರೀ ಗ್ಯಾಸಿನ ಆಸೆಗೆ ಇದಕ್ಕೆ ಕೈ ಹಾಕಬೇಡಿ ಅಂತಲೇ ನನ್ನ ಸಲಹೆ. ಅಂಥವರಿಗೆ ಗೊಬ್ಬರದ ಡಬ್ಬ ಸಾಕು. ಆದರೆ ಅಣ್ಣತಮ್ಮಂದಿರು ಒಂದೇ ಕಾಂಪೌಂಡಿನಲ್ಲಿದ್ದರೆ, ಪಕ್ಕದ ಎರಡು ಮನೆಯವರೂ ಕಸ ಕೊಡುವುದಾದರೆ, ಮೆಸ್ ನಡೆಸುತ್ತಿದ್ದರೆ, ಇಲ್ಲವೇ ಕೈತೋಟ ಇದ್ದರೆ ಕಥೆ ಬೇರೆ. ದಿನಕ್ಕೆ ಎರಡೂವರೆ ಕಿಲೋ ಕಸ ಸಿಕ್ಕಿದರೆ ಚಿಕ್ಕ ಬರ್ನರ್ ಹತ್ತಿರ ಹತ್ತಿರ ಒಂದು ಗಂಟೆ ಉರಿಯುತ್ತದೆ. ಬೆಳಗಿನ ಹಾಲು, ಕಾಫಿ, ಒಂದು ಸಾರು ಆಗುತ್ತದೆ. ಜೊತೆಗೆ ಗಿಡಗಳಿಗೆ ಬಗ್ಗಡ ಸಿಗುತ್ತದೆ. ಗ್ಯಾಸ್ ತೆಗೆದುಕೊಂಡ ಮೇಲೆ ಟ್ಯಾಂಕಿನಿಂದ ಹೊರಬರುವ ತಿಳಿಗೊಬ್ಬರಕ್ಕೆ ಬಗ್ಗಡ ಅನ್ನುತ್ತಾರೆ. ಸ್ಲರಿ ಅಂದರೂ ಅದೇ. ನನ್ನ ಪ್ರಕಾರ ನಿಜವಾದ ಲಾಭ ಅದರಲ್ಲೇ ಇರುವುದು.

ಒಳಗೆ ನಡೆಯುವುದೇನು

ಹಿಂದೆ ಮನೆಗಳಲ್ಲಿ ಕಲಗಚ್ಚು ಅಂತ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಸೇರಿ ಹಸುವಿನ ಬಾನಿಗೆ ಹೋಗುತ್ತಿತ್ತು. ಈಗ ಹಸು ಇಲ್ಲ. ಈ ಟ್ಯಾಂಕನ್ನೇ ಕಾಲಿಲ್ಲದ ಹಸು ಅಂದುಕೊಳ್ಳಿ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಹಸುವಿನ ಹೊಟ್ಟೆಯಲ್ಲಿ ಕೆಲಸ ಮಾಡುವ ಜಾತಿಯ ಸೂಕ್ಷ್ಮಜೀವಿಗಳೇ ಇಲ್ಲೂ ಕೆಲಸ ಮಾಡುತ್ತವೆ. ಅದಕ್ಕೇ ಶುರುವಿಗೆ ಸಗಣಿ ಬೇಕು.

ಗಾಳಿ ಇಲ್ಲದ ಕಡೆ ಎರಡು ಗುಂಪು ದುಡಿಯುತ್ತವೆ. ಮೊದಲ ಗುಂಪು ಅನ್ನ, ಸಿಪ್ಪೆಗಳನ್ನು ಒಡೆದು ಹುಳಿ ಮಾಡುತ್ತದೆ. ಇಡ್ಲಿ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಹುಳಿ ಬರುವ ಹಾಗೆ, ಇವು ಬಲು ಚುರುಕು. ಎರಡನೇ ಗುಂಪು ಆ ಹುಳಿಯನ್ನು ತಿಂದು ಮೀಥೇನ್ ಬಿಡುತ್ತದೆ. ಉರಿಯುವ ಅನಿಲ ಅಂದರೆ ಇದೇ. ಈ ಗುಂಪು ನಿಧಾನ. ಸಂಖ್ಯೆ ಇಮ್ಮಡಿಯಾಗಲು ದಿನಗಳೇ ಬೇಕು. ಮೊದಲ ಗುಂಪು ಓಡಿ, ಎರಡನೆಯದು ಹಿಂದೆ ಬಿದ್ದರೆ ಟ್ಯಾಂಕು ಹುಳಿಯಾಗಿ ಕೂರುತ್ತದೆ. ಗ್ಯಾಸ್ ನಿಲ್ಲುತ್ತದೆ. ಹೊಸಬರ ಟ್ಯಾಂಕು ಕೆಡುವುದು ಹೆಚ್ಚಾಗಿ ಈ ಒಂದೇ ಕಾರಣಕ್ಕೆ.

ಬರುವ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 55ರಿಂದ 65 ಭಾಗ ಇರುತ್ತದೆ. ಮಿಕ್ಕಿದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಚೂರು ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಕೊಳೆತ ಮೊಟ್ಟೆ ವಾಸನೆ ಇದರದ್ದು.

ಬೇಕಾಗುವ ಸಾಮಾನು

ಗೋಬರ್ ಗ್ಯಾಸ್ ಗುಂಡಿಗಳು ನಮಗೆ ಹೊಸದಲ್ಲ. ಸಗಣಿ ಬದಲು ಅಡುಗೆಮನೆ ಕಸ ತಿನ್ನುವ ಚಿಕ್ಕ ಪ್ಲಾಸ್ಟಿಕ್ ಟ್ಯಾಂಕಿನ ಮಾದರಿಯನ್ನು ಹೆಸರುವಾಸಿ ಮಾಡಿದ್ದು ಪುಣೆಯ ಆರತಿ (ARTI) ಅನ್ನುವ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಯ ಡಾ. ಆನಂದ ಕರ್ವೆ. ಇದಕ್ಕೆ 2006ರಲ್ಲಿ, ಸುಸ್ಥಿರ ಇಂಧನದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿ ಬಂತು. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಟ್ಯಾಂಕುಗಳಲ್ಲಿ ಅನೇಕವು ಅದೇ ಬಗೆಯವು. ನೀವೇ ಮಾಡಿಸುವುದಾದರೆ ಇಷ್ಟು ಬೇಕು:

- 1000 ಲೀಟರ್ ನೀರಿನ ಟ್ಯಾಂಕು ಒಂದು, ತಲೆ ಕತ್ತರಿಸಿದ್ದು. ಇದು ಹೊಟ್ಟೆ.
- 750 ಲೀಟರ್ ಟ್ಯಾಂಕು ಒಂದು, ಅದೂ ತಲೆ ಕತ್ತರಿಸಿದ್ದು. ಇದನ್ನು ದೊಡ್ಡದರೊಳಗೆ ಬೋರಲು ಹಾಕಬೇಕು. ಗ್ಯಾಸ್ ತುಂಬಿದಂತೆ ಮೇಲೇಳುತ್ತದೆ. ಇದೇ ಡ್ರಮ್.
- ಕಸ ಹಾಕಲು ಮೂರು ಅಥವಾ ನಾಲ್ಕು ಇಂಚಿನ ಪಿವಿಸಿ ಪೈಪು, ಬಗ್ಗಡ ಹೊರಬರಲು ಎರಡೂವರೆ ಇಂಚಿನದು.
- ಡ್ರಮ್ಮಿನ ನೆತ್ತಿಗೆ ಅರ್ಧ ಇಂಚಿನ ವಾಲ್ವು, ಒಲೆಯವರೆಗೆ ಗ್ಯಾಸ್ ಪೈಪು.
- ಜೈವಿಕ ಅನಿಲಕ್ಕೆಂದೇ ಮಾಡಿದ ಒಲೆ, ಐಎಸ್‌ಐ ಗುರುತಿನದು.

ಎರಡು ಟ್ಯಾಂಕುಗಳ ನಡುವೆ ಸುತ್ತಲೂ ಎರಡು ಮೂರು ಸೆಂಟಿಮೀಟರ್ ಸಂದು ಇದ್ದರೆ ಸಾಕು. ಅಂಗಡಿಯಲ್ಲೇ ಒಂದರೊಳಗೆ ಒಂದು ಇಟ್ಟು ನೋಡಿ ತನ್ನಿ. ಸಂದು ಜಾಸ್ತಿಯಾದರೆ ಗ್ಯಾಸ್ ಅಲ್ಲೇ ಸೋರುತ್ತದೆ. ಕಮ್ಮಿಯಾದರೆ ಡ್ರಮ್ಮು ಸಿಕ್ಕಿಕೊಳ್ಳುತ್ತದೆ.

ಮನೆಯ ಹಳೇ ಗ್ಯಾಸ್ ಒಲೆಯ ಜೆಟ್ಟಿಗೆ ತೂತು ಕೊರೆದು ದೊಡ್ಡದು ಮಾಡಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗ್ಯಾಸ್ ನುಗ್ಗುವ ಚಿಕ್ಕ ತೂತಿಗೆ ಜೆಟ್ ಅನ್ನುತ್ತಾರೆ. ನಮ್ಮ ಗ್ಯಾಸಿನ ಒತ್ತಡ ಕಮ್ಮಿ, ಗಾಳಿ ಬೆರೆಯಬೇಕಾದ ಅಳತೆಯೂ ಬೇರೆ. ಅಂದಾಜಿನಲ್ಲಿ ಕೊರೆದ ಒಲೆಯನ್ನು ಆಮೇಲೆ ಯಾರೋ ಮರೆತು ಸಿಲಿಂಡರಿಗೆ ಜೋಡಿಸಿದರೆ ಅನಾಹುತ.

ಹಂತ 1: ಕಸ ಬೇರೆ ಮಾಡುವುದು

ಬೆಂಗಳೂರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತು ಊರೆಲ್ಲ ನಾರಿತ್ತು. ಆಮೇಲೆ ಕಸ ಸುರಿಯುತ್ತಿದ್ದ ಇನ್ನೊಂದು ಹಳ್ಳಿ ಮಂಡೂರಿನವರೂ ಸಾಕು ಅಂದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್ ಥರದ್ದು, ಚೀಲಕ್ಕೆ ಒಣ ಕಸ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿ ಕಸ ಅರಗಿಸಿ ವಾಹನಕ್ಕೆ ಹಾಕುವ ಗ್ಯಾಸ್ ಮಾಡುವಂತೆ ಕಟ್ಟಿದ್ದು. ಆ ಊರಿಗೆ ಅದು ಸಾಧ್ಯವಾಗಿದ್ದು ಯಂತ್ರ ಒಳ್ಳೆಯದು ಅಂತ ಮಾತ್ರ ಅಲ್ಲ, ಮನೆಬಾಗಿಲಲ್ಲೇ ಕಸ ಬೇರೆಯಾಗಿ ಬರುತ್ತದೆ ಅಂತ.

ಮನೆ ಟ್ಯಾಂಕಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಹಸಿ ಕಸದಲ್ಲೇ ಎರಡು ಪಾಲು ಮಾಡಿ.

ಟ್ಯಾಂಕಿಗೆ ಹೋಗುವಂಥವು: ಮಿಕ್ಕ ಅನ್ನ, ಮುದ್ದೆ, ಚಪಾತಿ, ತರಕಾರಿ ಸಿಪ್ಪೆ, ಕೊಳೆತ ಹಣ್ಣು, ಸೊಪ್ಪಿನ ದಂಟು, ಬೂಷ್ಟು ಬಂದ ಬ್ರೆಡ್, ಕೆಟ್ಟ ಹಾಲು, ಕಾಫಿ ಮತ್ತು ಟೀ ಚರಟ, ಮೀನು ಮಾಂಸದ ಮೆತ್ತನೆ ಚೂರು.

ಹೋಗಬಾರದಂಥವು: ತೆಂಗಿನ ಕರಟ, ನಾರು, ಮಾವಿನ ವಾಟೆ, ಮೂಳೆ, ನುಗ್ಗೆಕಾಯಿ ಅಗಿದ ಚಕ್ಕೆ, ಕರಿಬೇವಿನ ಕಡ್ಡಿ, ಮೊಟ್ಟೆ ಚಿಪ್ಪು. ಇವು ಒಳಗೆ ಹಾಗೇ ಕೂರುತ್ತವೆ. ಈರುಳ್ಳಿಯ ಒಣ ಸಿಪ್ಪೆ ತೇಲಿ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆಯಲ್ಲಿರುವ ಎಣ್ಣೆ ಸೂಕ್ಷ್ಮಜೀವಿಗಳಿಗೆ ಆಗಿಬರುವುದಿಲ್ಲ. ಒಂದೆರಡು ಹೋಳು ಬಿದ್ದರೆ ಪರವಾಗಿಲ್ಲ, ಜ್ಯೂಸ್ ಅಂಗಡಿಯ ಚೀಲ ಸುರಿಯಬೇಡಿ. ಕರಿದ ಎಣ್ಣೆಯನ್ನೂ ಹಾಕಬೇಡಿ.

ಪಾತ್ರೆ ತೊಳೆದ ಸೋಪಿನ ನೀರು, ಫಿನಾಯಿಲು, ಬ್ಲೀಚಿಂಗ್ ಪುಡಿ, ಹಳೇ ಮಾತ್ರೆ ಒಂದು ಹನಿ ಒಂದು ಚೂರೂ ಬೇಡ. ಒಳಗಿರುವುದು ಜೀವ.

ಹಂತ 2: ಜಾಗ

ಬಿಸಿಲು ಚೆನ್ನಾಗಿ ಬೀಳಬೇಕು. ಸೂಕ್ಷ್ಮಜೀವಿಗಳಿಗೆ ಇಷ್ಟವಾದ ಶಾಖ 35 ಡಿಗ್ರಿ ಹತ್ತಿರ. 15ಕ್ಕಿಂತ ಕೆಳಗಿಳಿದರೆ ಕೆಲಸ ನಿಂತೇಹೋದ ಹಾಗೆ. ಕಲಬುರಗಿ, ರಾಯಚೂರಿನವರಿಗೆ ಈ ವಿಷಯದಲ್ಲಿ ಅದೃಷ್ಟ. ಮಡಿಕೇರಿ, ಚಿಕ್ಕಮಗಳೂರಿನವರು ಚಳಿಗಾಲದಲ್ಲಿ ಕಮ್ಮಿ ಗ್ಯಾಸಿಗೆ ತಯಾರಾಗಿರಬೇಕು. ಕಪ್ಪು ಟ್ಯಾಂಕು ತೆಗೆದುಕೊಂಡರೆ ಸ್ವಲ್ಪ ಸಹಾಯವಾಗುತ್ತದೆ.

ತಾರಸಿ ಮೇಲೆ ಇಡುವವರು ಇದನ್ನು ಎರಡು ಸಲ ಓದಿ. ತುಂಬಿದ ಟ್ಯಾಂಕಿನ ತೂಕ ಒಂದು ಟನ್ ಹತ್ತಿರ, ಅದೂ ಒಂದು ಚದರ ಮೀಟರ್ ಜಾಗದಲ್ಲಿ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಚದರ ಮೀಟರಿಗೆ 150ರಿಂದ 200 ಕಿಲೋ ಓಡಾಟದ ಭಾರಕ್ಕೆ. ಹಾಗಾಗಿ ಸ್ಲ್ಯಾಬಿನ ನಡುವೆ ಇಡಲೇಬೇಡಿ. ಕಂಬ, ತೊಲೆ ಇರುವ ಮೂಲೆಯಲ್ಲಿ, ಅದೂ ಎಂಜಿನಿಯರನ್ನು ಕೇಳಿಯೇ ಇಡಿ. ನೆಲದ ಮೇಲೆ ಜಾಗ ಇದ್ದರೆ ತಾರಸಿಯ ಯೋಚನೆಯೇ ಬೇಡ.

ಅಡುಗೆಮನೆ ಒಳಗೆ, ಮುಚ್ಚಿದ ಯುಟಿಲಿಟಿಯಲ್ಲಿ, ಮೆಟ್ಟಿಲ ಕೆಳಗೆ ಇಡಬಾರದು. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗ ಸೇರಿದರೆ ಒಂದು ಕಿಡಿ ಸಾಕು.

ಹಂತ 3: ಜೋಡಣೆ

ಕಸದ ಪೈಪು ಹೊರಗಿಂದ ಓರೆಯಾಗಿ ಬಂದು ದೊಡ್ಡ ಟ್ಯಾಂಕಿನ ತಳದ ಹತ್ತಿರ ಬಾಯಿ ತೆರೆಯಬೇಕು. ಬಗ್ಗಡದ ಪೈಪು ಅದರ ಎದುರು ಬದಿಯಲ್ಲಿ, ಮೇಲ್ಭಾಗದಲ್ಲಿ. ಹೀಗಿದ್ದರೆ ಇವತ್ತು ಹಾಕಿದ ಕಸ ಇವತ್ತೇ ಹೊರಬರುವುದಿಲ್ಲ. ಡ್ರಮ್ಮು ವಾಲದ ಹಾಗೆ ಸುತ್ತ ಮೂರು ಕಡೆ ಪೈಪಿನ ಗೂಟ ಕೊಡಿ.

ಒಲೆಗೆ ಹೋಗುವ ಪೈಪಿನಲ್ಲಿ ನೀರು ಕಟ್ಟಿಕೊಳ್ಳುತ್ತದೆ, ಏಕೆಂದರೆ ಗ್ಯಾಸು ತೇವ ಹೊತ್ತು ಬರುತ್ತದೆ. ಪೈಪನ್ನು ಇಳಿಜಾರಾಗಿ ಎಳೆದು, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಒಂದು ಚಿಕ್ಕ ನಲ್ಲಿ ಹಾಕಿ. ವಾರಕ್ಕೊಮ್ಮೆ ತಿರುಗಿಸಿ ನೀರು ಬಿಡಿ. ಇದನ್ನು ಬಿಟ್ಟವರ ಒಲೆ ಕುಣಿಯುತ್ತದೆ, ಹೊತ್ತಿ ಆರಿ ಹೊತ್ತಿ ಆರಿ. ಕೊಳೆತ ಮೊಟ್ಟೆ ವಾಸನೆ ಕಮ್ಮಿ ಮಾಡಲು ಪೈಪಿನ ನಡುವೆ ಒಂದು ಗಟ್ಟಿ ಡಬ್ಬಿ ಜೋಡಿಸಿ, ಅದರಲ್ಲಿ ತುಕ್ಕು ಹಿಡಿದ ಕಬ್ಬಿಣದ ನಾರು ತುಂಬಿಸಿ. ತುಕ್ಕು ಆ ವಿಷಾನಿಲವನ್ನು ಹಿಡಿದುಕೊಳ್ಳುತ್ತದೆ.

ಹಂತ 4: ಮೊದಲ ತುಂಬುವಿಕೆ

ಕನಿಷ್ಠ 100 ಕಿಲೋ ಹಸಿ ಸಗಣಿ ಬೇಕು, 200 ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟೇ ನೀರು ಹಾಕಿ ಕದಡಿ, ಹುಲ್ಲು ಕಲ್ಲು ತೆಗೆದು ಸುರಿಯಿರಿ. ಆಮೇಲೆ ಬಗ್ಗಡದ ಪೈಪಿನ ಮಟ್ಟದವರೆಗೆ ನೀರು. ಔಷಧಿ ಚುಚ್ಚಿಸಿಕೊಂಡ ಹಸುವಿನ ಸಗಣಿ ತರಬೇಡಿ, ಕೇಳಿಯೇ ತನ್ನಿ. ಹತ್ತಿರದಲ್ಲಿ ಯಾರದ್ದಾದರೂ ಗೋಬರ್ ಗ್ಯಾಸ್ ನಡೆಯುತ್ತಿದ್ದರೆ ಎರಡು ಮೂರು ಕ್ಯಾನು ಬಗ್ಗಡ ಬೇಡಿ ತಂದು ಸೇರಿಸಿ. ಮೊಸರಿಗೆ ಹೆಪ್ಪು ಹಾಕುವ ಹಾಗೆ.

ಡ್ರಮ್ಮು ಬೋರಲು ಹಾಕುವಾಗ ನೆತ್ತಿಯ ವಾಲ್ವು ತೆರೆದಿರಲಿ. ಒಳಗಿನ ಗಾಳಿ ಹೋಗಿ ಡ್ರಮ್ಮು ಪೂರ್ತಿ ಕೆಳಗೆ ಕೂತ ಮೇಲೆ ಮುಚ್ಚಿ.

ಇನ್ನು ಕಾಯಬೇಕು. ಒಂದು ವಾರ ಹತ್ತು ದಿನಕ್ಕೆ ಡ್ರಮ್ಮು ಏಳುತ್ತದೆ. ಮನೆಯವರೆಲ್ಲ ಖುಷಿಯಾಗಿ ಬೆಂಕಿಕಡ್ಡಿ ಹಿಡಿದು ಬರುತ್ತಾರೆ. ಬೇಡ. ಮೊದಲು ಬರುವುದರಲ್ಲಿ ಉರಿಯದ ಅನಿಲವೇ ಜಾಸ್ತಿ, ಮಿಕ್ಕ ಗಾಳಿಯೂ ಸೇರಿರುತ್ತದೆ. ಬಯಲಿನಲ್ಲಿ, ಬೆಂಕಿ ಹತ್ತಿರ ಇಲ್ಲದಾಗ, ಒಂದೆರಡು ಸಲ ಪೂರ್ತಿ ಬಿಟ್ಟುಬಿಡಿ. ಸಾಮಾನ್ಯವಾಗಿ 15ರಿಂದ 20 ದಿನಕ್ಕೆ ಉರಿಯುವ ಗ್ಯಾಸ್ ಬರುತ್ತದೆ. ಚಳಿಗಾಲದಲ್ಲಿ ತಿಂಗಳು ಹಿಡಿದರೂ ಗಾಬರಿಯಾಗಬೇಡಿ. ಹಚ್ಚಿ ನೋಡುವುದು ಒಲೆಯಲ್ಲೇ. ಟ್ಯಾಂಕಿನ ವಾಲ್ವಿಗೆ ಬೆಂಕಿ ಹಿಡಿಯುವುದು ಎಂದೂ ಕೂಡದು.

ಹಂತ 5: ತಿನ್ನಿಸುವುದು

ಎಲ್ಲ ಕೆಡುವುದೂ ಇಲ್ಲೇ, ಎಲ್ಲ ನಿಲ್ಲುವುದೂ ಇಲ್ಲೇ.

ನೀಲಿ ಉರಿ ಬಂದ ಮೇಲೆ ಮೊದಲ ವಾರ ದಿನಕ್ಕೆ ಕಾಲು ಕಿಲೋ ಮಾತ್ರ. ಎರಡನೇ ವಾರ ಅರ್ಧ. ಮೂರನೇ ವಾರ ಒಂದು. ಹೀಗೆ ಏರಿಸುತ್ತ ಐದಾರು ವಾರಕ್ಕೆ ಎರಡು, ಎರಡೂವರೆ ಕಿಲೋಗೆ ಬನ್ನಿ. ಅಡುಗೆಮನೆಯಲ್ಲಿ ಮಿಕ್ಕ ಕಸಕ್ಕೆ ಈ ಒಂದೂವರೆ ತಿಂಗಳು ಬೇರೆ ದಾರಿ ನೋಡಿಕೊಳ್ಳಿ. "ಗ್ಯಾಸ್ ಬರ್ತಾ ಇದೆಯಲ್ಲ, ಇನ್ನಷ್ಟು ಹಾಕೋಣ" ಅನ್ನುವ ಆಸೆ ಬಂದೇ ಬರುತ್ತದೆ. ನನಗೂ ಬಂದಿತ್ತು. ನಮ್ಮ ಮನೆಯ ಟ್ಯಾಂಕು ಎರಡು ತಿಂಗಳ ಕೂಸಾಗಿದ್ದಾಗ ಗೌರಿ ಹಬ್ಬ ಬಂತು. ಮಿಕ್ಕ ಪಾಯಸ, ಹೂರಣ, ಚಿತ್ರಾನ್ನ ಎಲ್ಲ ಸೇರಿ ಎಂಟು ಕಿಲೋ ಒಂದೇ ದಿನ ಸುರಿದೆ. ಮೂರು ದಿನ ಡ್ರಮ್ಮು ಜೋರಾಗಿ ಎದ್ದಿತು. ಆದರೆ ಉರಿ ಹತ್ತಲಿಲ್ಲ. ಸರಿಹೋಗಲು ಮೂರು ವಾರ ಬೇಕಾಯಿತು. ಹಸುವಿಗೆ ಹೊಟ್ಟೆ ತುಂಬ ಅಕ್ಕಿ ತಿನ್ನಿಸಿದರೆ ಏನಾಗುತ್ತದೋ ಅದೇ ಆಗಿತ್ತು.

ದಿನದ ಕ್ರಮ ಹೀಗಿರಲಿ. ಕಸವನ್ನು ಚಿಕ್ಕದಾಗಿ ಹೆಚ್ಚಿ ಅಥವಾ ಹಳೇ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಚೂರು ಸಣ್ಣದಾದಷ್ಟೂ ಬೇಗ ಅರಗುತ್ತದೆ. ಕಸದ ಎರಡರಷ್ಟು ನೀರು ಸೇರಿಸಿ. ಅದರಲ್ಲಿ ಅರ್ಧ ಬರೀ ನೀರು, ಅರ್ಧ ಟ್ಯಾಂಕಿನಿಂದಲೇ ಬಂದ ಬಗ್ಗಡದ ತಿಳಿ ಇದ್ದರೆ ನೀರೂ ಉಳಿಯುತ್ತದೆ, ಹೋದ ಸೂಕ್ಷ್ಮಜೀವಿಗಳೂ ವಾಪಸ್ ಬರುತ್ತವೆ. ಪೂರ್ತಿ ತಿಳಿಯನ್ನೇ ಬಳಸಿದರೆ ಉಪ್ಪು ಸೇರಿಕೊಳ್ಳುತ್ತ ಹೋಗುತ್ತದೆ, ಹಾಗೆ ಮಾಡಬೇಡಿ. ಮಧ್ಯಾಹ್ನ, ಬಿಸಿಲಲ್ಲಿಟ್ಟು ಬೆಚ್ಚಗಾದ ನೀರಿನಲ್ಲಿ ಕಲಸಿ ಹಾಕಿದರೆ ಉತ್ತಮ. ಒಂದೇ ಹೊತ್ತಿಗೆ, ಒಂದೇ ಅಳತೆಗೆ.

ಬರೀ ಅನ್ನವೂ ಬೇಡ, ಬರೀ ಸಿಪ್ಪೆಯೂ ಬೇಡ. ಅನ್ನ ಬೇಗ ಹುಳಿಯಾಗುತ್ತದೆ, ಸಿಪ್ಪೆ ನಿಧಾನ. ಎರಡೂ ಬೆರೆತರೆ ಚೆಂದ.

ಹಂತ 6: ಒಲೆ ಹಚ್ಚುವುದು

ಡ್ರಮ್ಮಿನ ಮೇಲೆ ಎರಡು ಮೂರು ಇಟ್ಟಿಗೆ ಸಮವಾಗಿ ಹಂಚಿಡಿ, ಒತ್ತಡ ಸಿಗುತ್ತದೆ. ಮೊದಲು ಕಡ್ಡಿ ಗೀರಿ, ಆಮೇಲೆ ನಾಬ್ ತಿರುಗಿಸಿ. ಉರಿ ನೀಲಿಯಾಗಿ, ಬಿಸಿಲಲ್ಲಿ ಕಾಣದಷ್ಟು ತೆಳ್ಳಗಿರುತ್ತದೆ. ಕೈ ಹತ್ತಿರ ಹಿಡಿದೇ ಗೊತ್ತಾಗಬೇಕು, ಹುಷಾರು. ಹಳದಿ ಉರಿ ಬಂದರೆ ಒಲೆಯ ಗಾಳಿ ಕಿಂಡಿ ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಎದ್ದು ಹಾರಿಹೋಗುವಂತಿದ್ದರೆ ಕಿಂಡಿ ಮುಚ್ಚಿ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಕಡೆ ತೂತಿದೆ. ಈ ಕೆಲಸಕ್ಕೆ ಬೆಂಕಿಕಡ್ಡಿ ಬಳಸಿದವರ ಕಥೆಗಳನ್ನು ಇಲ್ಲಿ ಬರೆಯುವುದಿಲ್ಲ.

ಕೆಟ್ಟಾಗ ಏನು ಮಾಡಬೇಕು

ಗ್ಯಾಸ್ ಬರುತ್ತದೆ, ಉರಿಯುವುದಿಲ್ಲ, ಬಗ್ಗಡ ಹುಳಿ ಹುಳಿ ನಾರುತ್ತದೆ: ಅಜೀರ್ಣ ಆಗಿದೆ. ಅಕ್ವೇರಿಯಂ ಸಾಮಾನಿನ ಅಂಗಡಿಯಲ್ಲಿ ಪಿಎಚ್ ಪಟ್ಟಿ ಸಿಗುತ್ತದೆ, ಹುಳಿ ಎಷ್ಟಿದೆ ಅಂತ ತೋರಿಸುವ ಕಾಗದ ಅದು. ಬಗ್ಗಡಕ್ಕೆ ಅದ್ದಿ. 7ರ ಆಸುಪಾಸು ಇರಬೇಕು. 6.5ಕ್ಕಿಂತ ಕೆಳಗಿದ್ದರೆ ಕಸ ಹಾಕುವುದು ಪೂರ್ತಿ ನಿಲ್ಲಿಸಿ. ಹೊಸ ಸಗಣಿಯನ್ನು ನೀರಲ್ಲಿ ಕದಡಿ ಒಂದು ಬಕೆಟ್ ಕೊಡಿ. ಬೇಕಾದರೆ ಎರಡು ಹಿಡಿ ಅಡುಗೆ ಸೋಡಾ ನೀರಲ್ಲಿ ಕರಗಿಸಿ ಹಾಕಿ. ವಾರ ಬಿಟ್ಟು ನೋಡಿ. ಸರಿಯಾದ ಮೇಲೆ ಮತ್ತೆ ಕಾಲು ಕಿಲೋದಿಂದ ಶುರು.

ಡ್ರಮ್ಮೇ ಏಳುತ್ತಿಲ್ಲ: ಮೊದಲು ಸೋರಿಕೆ ನೋಡಿ, ಆಮೇಲೆ ಚಳಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನಲ್ಲೂ ಗ್ಯಾಸ್ ಸಾಕಷ್ಟು ಕಮ್ಮಿಯಾಗುತ್ತದೆ. ಕಸವನ್ನೂ ಅರ್ಧಕ್ಕೆ ಇಳಿಸಿ. ಅರಗದಿರುವಾಗ ತುರುಕಬೇಡಿ.

ಸಂದಿನಲ್ಲಿ ಸೊಳ್ಳೆ: ಸೊಳ್ಳೆಪರದೆ ಬಟ್ಟೆಯನ್ನು ಎರಡು ಟ್ಯಾಂಕಿನ ನಡುವೆ ಸುತ್ತ ಕಟ್ಟಿಬಿಡಿ.

ಮೇಲೆ ಪದರ ಕಟ್ಟಿದೆ: ಡ್ರಮ್ಮನ್ನು ದಿನಕ್ಕೊಮ್ಮೆ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಒಡೆಯುತ್ತದೆ.

ಕೆಲವು ವರ್ಷಕ್ಕೊಮ್ಮೆ ತಳದ ಗಸಿ ತೆಗೆಯಬೇಕಾಗುತ್ತದೆ. ಡ್ರಮ್ಮು ಎತ್ತಿ, ಒಂದು ದಿನ ಗಾಳಿಗೆ ಬಿಟ್ಟು, ಹೊರಗೆ ನಿಂತು ಉದ್ದ ಹಿಡಿಯ ಬಕೆಟ್ಟಿನಿಂದ ತೆಗೆಯಿರಿ. ತಲೆ ಒಳಗೆ ಹಾಕಬೇಡಿ. ಹಳ್ಳಿಯ ದೊಡ್ಡ ಗುಂಡಿಗಳಿಗಂತೂ ಯಾರನ್ನೂ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದಾಗ ವಾಸನೆಯೇ ಗೊತ್ತಾಗದಂತೆ ಮೂಗು ಸತ್ತುಹೋಗುತ್ತದೆ, ಆಮೇಲೆ ಮನುಷ್ಯ.

ಬಗ್ಗಡ, ಮತ್ತು ಟ್ಯಾಂಕು ಒಲ್ಲದ ಕಸ

ಬಗ್ಗಡವನ್ನು ಒಂದೆರಡು ದಿನ ಬಾಯಿ ತೆರೆದ ಬಕೆಟ್ಟಿನಲ್ಲಿಡಿ. ಹತ್ತರಷ್ಟು ನೀರು ಬೆರೆಸಿ ಕುಂಡಗಳಿಗೆ, ಐದರಷ್ಟು ಬೆರೆಸಿ ಬಾಳೆ, ತೆಂಗಿನ ಬುಡಕ್ಕೆ. ಹಾಗೇ ಸುರಿದರೆ ಎಳೆ ಗಿಡ ಸುಡುತ್ತದೆ. ಸೊಪ್ಪು, ಕೊತ್ತಂಬರಿಯಂಥ ಹಸಿಯಾಗಿ ತಿನ್ನುವ ಗಿಡದ ಎಲೆ ಮೇಲೆ ಬೀಳಿಸಬೇಡಿ, ಬುಡಕ್ಕೆ ಮಾತ್ರ.

ನಾಟಿ ಕೋಳಿ ಸಾಕಿರುವವರಿಗೆ ಇನ್ನೊಂದು ದಾರಿ ಇದೆ: ಕಪ್ಪು ಸೈನಿಕ ನೊಣದ ಹುಳು. ಕಣಜದ ಹಾಗೆ ಕಾಣುವ ಕಪ್ಪು ನೊಣ ಇದು. ಕಚ್ಚುವುದಿಲ್ಲ, ದೊಡ್ಡದಾದ ಮೇಲೆ ಊಟದ ಮೇಲೆ ಕೂರುವ ಚಾಳಿಯೂ ಇಲ್ಲ. ಗೊಬ್ಬರದ ಡಬ್ಬದಲ್ಲಿ ಬೂದುಬಣ್ಣದ ದಪ್ಪ ಹುಳು ಕಂಡು ಎಷ್ಟೋ ಜನ ಹೆದರಿ ಬಿಸಿನೀರು ಸುರಿಯುತ್ತಾರೆ, ಅದು ಬಹಳ ಸಲ ಇದರದ್ದೇ. ಮೂಸಂಬಿ ಸಿಪ್ಪೆ, ಮೀನಿನ ತಲೆ, ಟ್ಯಾಂಕಿಗೆ ಜಾಸ್ತಿಯಾದ ಹಬ್ಬದ ಊಟ ಇವುಗಳಿಗೆ ಸಲ್ಲುತ್ತದೆ. ಹತ್ತು ಕಿಲೋ ಕಸಕ್ಕೆ ಒಂದೂವರೆ, ಎರಡು ಕಿಲೋ ಹುಳು ಸಿಗಬಹುದು. ಒಣಗಿದ ಹುಳುವಿನಲ್ಲಿ ನೂರಕ್ಕೆ 40 ಭಾಗದಷ್ಟು ಪ್ರೋಟೀನ್ ಇರುತ್ತದೆ. ಮುಚ್ಚಳದ ಬಕೆಟ್ಟಿನ ತಳಕ್ಕೆ ಸಣ್ಣ ತೂತು, ಒಳಗಿನಿಂದ ಅಂಚಿನವರೆಗೆ ಓರೆಯಾಗಿ ಒಂದು ಹಲಗೆ ಇಟ್ಟರೆ ಆಯಿತು. ಬೆಳೆದ ಹುಳು ಒಣ ಜಾಗ ಹುಡುಕಿ ತಾನೇ ಹಲಗೆ ಹತ್ತಿ ಹೊರಗೆ ಬೀಳುತ್ತದೆ. ಕೆಳಗೆ ಡಬ್ಬಿ ಇಡಿ. ಮಿಕ್ಕಿದ್ದನ್ನು ಕೋಳಿಗಳು ನೋಡಿಕೊಳ್ಳುತ್ತವೆ.

ಕೊನೆಗೆ ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ಊರಿಗೆ ಹೋದರೆ? ಹತ್ತು ಹದಿನೈದು ದಿನ ಏನೂ ಹಾಕದಿದ್ದರೆ ಟ್ಯಾಂಕು ಸಾಯುವುದಿಲ್ಲ, ಹಸಿದುಕೊಂಡು ಕಾಯುತ್ತದೆ. ಹೊರಡುವ ಹಿಂದಿನ ದಿನ ಗ್ಯಾಸ್ ಉರಿಸಿ ಖಾಲಿ ಮಾಡಿ, ಒಲೆಯ ವಾಲ್ವು ಮುಚ್ಚಿ, ಡ್ರಮ್ಮಿನ ಮೇಲಿನ ಇಟ್ಟಿಗೆ ಇಳಿಸಿ ಹೋಗಿ. ಪಕ್ಕದ ಮನೆಯವರಿಗೆ "ಸ್ವಲ್ಪ ಕಸ ಹಾಕ್ತಿರಿ" ಅಂತ ಮಾತ್ರ ಹೇಳಿ ಹೋಗಬೇಡಿ. ಅವರು ಪ್ರೀತಿಯಿಂದ ಜಾಸ್ತಿಯೇ ಹಾಕಿರುತ್ತಾರೆ. ಬಂದ ಮೇಲೆ ಮೂರು ದಿನ ಅರ್ಧ ಅಳತೆ, ನಾಲ್ಕನೇ ದಿನದಿಂದ ಮಾಮೂಲು.